ಒಂದೇ ಕಲೆ ಏಳು ಸಲ

ಸಂಪಾದಕರಿಗೆ,

ನಮಸ್ಕಾರ. ಭಾನುವಾರದ ಪುರವಣಿಯಲ್ಲಿ ಕರಕುಶಲ ಮೇಳದ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಬಣ್ಣ ಸ್ವಲ್ಪ ಆಚೀಚೆ ಆಗಿದ್ದರೆ, ಅಲ್ಲೊಂದು ಇಲ್ಲೊಂದು ಕಲೆ ಕಂಡರೆ ಅದು ಕೈಯಲ್ಲಿ ಅಚ್ಚು ಹಾಕಿದ ಬಟ್ಟೆ, ಧೈರ್ಯವಾಗಿ ಕೊಳ್ಳಿ ಎಂಬರ್ಥದ ಮಾತು ಅದು. ಅದನ್ನೇ ನಂಬಿ ನನ್ನ ಗಿರಾಕಿಯೊಬ್ಬರು ಮೋಸ ಹೋದರು. ಧೈರ್ಯ ಸಾಲದು, ಟೇಪು ಬೇಕು ಎಂದು ಹೇಳುವುದಕ್ಕೆ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿ ನಿಮ್ಮ ಹತ್ತಿರವೂ ಇರುತ್ತದಲ್ಲ.

ನಾನು ಸಾಗರದಲ್ಲಿ ಬಟ್ಟೆ ಹೊಲಿಯುವವಳು. 27 ವರ್ಷವಾಯಿತು. ಬ್ಲೌಸು, ಚೂಡಿದಾರ, ಶಾಲೆ ಯೂನಿಫಾರ್ಮು, ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ದಿಂಬಿನ ಚೀಲ. ಎಷ್ಟು ತರದ ಪ್ರಿಂಟು ಈ ಮೇಜಿನ ಮೇಲೆ ಹಾದು ಹೋಗಿದೆಯೋ ಲೆಕ್ಕ ಇಟ್ಟಿಲ್ಲ.

ಕಳೆದ ದೀಪಾವಳಿಗೆ ಮುಂಚೆ, ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಐದು ಮೀಟರ್ ಬಟ್ಟೆ ತಂದರು. ಕಡು ನೀಲಿ ನೆಲ, ಬಿಳಿ ಬಳ್ಳಿ, ನಡುನಡುವೆ ಕೆಂಪು ಹೂ. ಮೇಳವೊಂದರಲ್ಲಿ ಕೊಂಡದ್ದು. ಮೀಟರಿಗೆ 420 ರೂಪಾಯಿ.

"ಅಕ್ಕಾ, ಇದು ಹ್ಯಾಂಡ್ ಬ್ಲಾಕ್. ಎರಡು ಕುರ್ತಾ ಆಗ್ಬೇಕು. ಚೂರೂ ವೇಸ್ಟ್ ಮಾಡ್ಬೇಡಿ" ಎಂದರು. ಆಮೇಲೆ ಬಟ್ಟೆಯ ಒಂದು ಜಾಗ ಬೆರಳಲ್ಲಿ ತೋರಿಸಿದರು. "ನೋಡಿ, ಇಲ್ಲಿ ಕೆಂಪು ತೊಟ್ಟಿಕ್ಕಿದೆ. ಮಾಡಿದವರ ಕೈ ಕಾಣತ್ತೆ ಅಲ್ವಾ?"

ಹೌದು ಎಂದೆ. ನನಗೂ ಹಾಗೇ ಅನಿಸಿತ್ತು.

ರಾತ್ರಿ ಊಟವಾದ ಮೇಲೆ ಕತ್ತರಿಸಲು ಹರಡಿದೆ. ಕುರ್ತಾಕ್ಕೆ ಹೂವು ಎದೆಯ ನಡುವೆ ಬರಬೇಕು, ತೋಳು ಎರಡೂ ಒಂದೇ ಸಾಲಿಗೆ ಸಿಗಬೇಕು. ಅದಕ್ಕೆ ಬಟ್ಟೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಕಣ್ಣಲ್ಲಿ ಓದಬೇಕಾಗುತ್ತದೆ. ಆ ಕೆಂಪು ಕಲೆ ಸಿಕ್ಕಿತು. ರಾಗಿ ಕಾಳಿನಷ್ಟು ಗಾತ್ರ, ಎಡಗಡೆಗೆ ಸಣ್ಣ ಬಾಲ. ಬಟ್ಟೆ ಮುಂದೆ ಸರಿಸಿದೆ. ಮತ್ತೊಂದು ಕಲೆ. ಅದಕ್ಕೂ ಎಡಗಡೆಗೇ ಬಾಲ. ಟೇಪು ಹಿಡಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇಪ್ಪತ್ತೈದು ಇಂಚು, ಮೇಲೆ ಒಂದು ಚೂರು. ಅಲ್ಲಿಂದ ಮತ್ತೆ ಇಪ್ಪತ್ತೈದು ಇಂಚು ಅಳೆದು ಬೆರಳಿಟ್ಟೆ. ಬೆರಳಿನ ಕೆಳಗೇ ಇತ್ತು. ಐದು ಮೀಟರಿನಲ್ಲಿ ಏಳು ಕಡೆ ಅದೇ ರಾಗಿ ಕಾಳು, ಅದೇ ಬಾಲ.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳು ಬಟ್ಟೆ ವಿನ್ಯಾಸ ಓದಿದವಳು.

"ಅಳತೆ ಎಷ್ಟು ಬಂತು? ಸೆಂಟಿಮೀಟರಲ್ಲಿ ಹೇಳಮ್ಮ."

ಟೇಪು ತಿರುಗಿಸಿ ನೋಡಿದೆ. "ಅರವತ್ನಾಲ್ಕು."

ಅವಳು ಜೋರಾಗಿ ನಕ್ಕಳು. ಮಿಲ್ಲುಗಳಲ್ಲಿ ರೋಟರಿ ಸ್ಕ್ರೀನ್ ಎಂಬ ಯಂತ್ರ ಇರುತ್ತದಂತೆ. ನಿಕ್ಕಲ್ ಲೋಹದ ತೆಳು ಉರುಳೆ, ಅದರ ಮೈತುಂಬ ಸಣ್ಣ ತೂತು. ಚಿತ್ರ ಎಲ್ಲಿ ಬೇಕೋ ಅಲ್ಲಿನ ತೂತು ಮಾತ್ರ ತೆರೆದಿರುತ್ತದೆ. ಒಳಗಿಂದ ಬಣ್ಣ ಬರುತ್ತದೆ, ಕೆಳಗೆ ಬಟ್ಟೆ ಓಡುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಉರುಳೆ. ಸಾಮಾನ್ಯವಾಗಿ ಅದರ ಸುತ್ತಳತೆ 64 ಸೆಂಟಿಮೀಟರ್. ಒಂದು ಸುತ್ತು ಮುಗಿದ ಕೂಡಲೇ ಮೊದಲಿನಿಂದ ಅದೇ ಚಿತ್ರ. ಕಲೆ ಉರುಳೆಯಲ್ಲೇ ಇದ್ದರೆ ಸುತ್ತಿಗೊಂದು ಸಲ ಬಂದೇ ಬರುತ್ತದೆ. ಇಲ್ಲಿ ಆ ಕಲೆ ತಪ್ಪಿ ಬಿದ್ದದ್ದಲ್ಲ. ಕೈಯಚ್ಚಿನ ಹಾಗೆ ಕಾಣಲಿ ಅಂತ ಚಿತ್ರದಲ್ಲೇ ಬರೆದಿಟ್ಟಿದ್ದು. ಬಿಳಿ ಬಳ್ಳಿಯೂ ಪ್ರತಿ ಸುತ್ತಿನಲ್ಲಿ ಅದೇ ಹೂವಿನ ಹತ್ತಿರ ಅಷ್ಟೇ ಸೊಟ್ಟಗಾಗಿತ್ತು.

ನನಗೆ ಇದು ಹೊಳೆದದ್ದು ಹೊಲಿಗೆಯಿಂದ ಅಲ್ಲ. ಮೂರು ವರ್ಷದಿಂದ ಹಿತ್ತಲ ಜಗುಲಿಯಲ್ಲಿ ನಾನೇ ಅಚ್ಚು ಹಾಕುತ್ತಿದ್ದೇನೆ. ಶುರುವಾದದ್ದು ಬೆಂಡೆಕಾಯಿಯಿಂದ. ಮೊಮ್ಮಗಳಿಗೆ ಶಾಲೆಯಲ್ಲಿ ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಹೂ ಮಾಡಲು ಹೇಳಿದ್ದರು. ಅವಳು ಹಾಳೆಯ ಮೇಲೆ ಒತ್ತಿದಳು, ನಾನು ಉಳಿದ ಮಲ್ ಬಟ್ಟೆಯ ತುಂಡಿನ ಮೇಲೆ ಒತ್ತಿದೆ. ಐದು ಎಸಳಿನ ಹೂವು ಎಷ್ಟು ಮುದ್ದಾಗಿ ಬಂತೆಂದರೆ ಅವತ್ತು ಪಲ್ಯಕ್ಕೆ ಬೆಂಡೆಕಾಯಿ ಉಳಿಯಲಿಲ್ಲ. ಅದರ ಲೋಳೆ ಮಾತ್ರ ಕಷ್ಟ. ಕತ್ತರಿಸಿ ಒಂದು ಗಂಟೆ ಕಾಗದದ ಮೇಲೆ ಬೋರಲು ಹಾಕಿಟ್ಟರೆ ಸರಿ. ಆಲೂಗಡ್ಡೆಗೂ ಅಷ್ಟೇ, ನೀರು ಆರದಿದ್ದರೆ ಬಣ್ಣ ಜಾರಿ ಅಂಚು ಮಸುಕಾಗುತ್ತದೆ. ನಮ್ಮ ಕಡೆ ಬೇಕಾದಷ್ಟು ಸಿಗುವ ಬಾಳೆಲೆ ದಂಟನ್ನು ಅಡ್ಡ ಕತ್ತರಿಸಿ ನೋಡಿ. ಅರ್ಧಚಂದ್ರ, ಒಳಗೆ ಪುಟ್ಟ ಪುಟ್ಟ ಕೋಣೆ. ಯಾವ ಕೆತ್ತನೆಯೂ ಬೇಡ. ಎರಡು ಅರ್ಧಚಂದ್ರ ಬೆನ್ನಿಗೆ ಬೆನ್ನು ಹಾಕಿ ಒತ್ತಿದರೆ ಸೀರೆ ಅಂಚೇ ಆಗುತ್ತದೆ.

ತರಕಾರಿ ಒಂದು ದಿನದ ಬಾಳು. ಆಮೇಲೆ ಹಳೆ ಹವಾಯಿ ಚಪ್ಪಲಿಗೆ ಬಂದೆ. ಅಟ್ಟೆಯನ್ನು ಚೆನ್ನಾಗಿ ತೊಳೆದು ಮೇಲೆ ಪೆನ್ನಿನಲ್ಲಿ ಎಲೆ ಬರೆದು ಬ್ಲೇಡಿನಲ್ಲಿ ಕತ್ತರಿಸಿ, ಚಪ್ಪಲಿ ರಿಪೇರಿಯವರ ಸೊಲ್ಯೂಷನ್ ಹಚ್ಚಿ ಮರದ ತುಂಡಿಗೆ ಅಂಟಿಸಿದರೆ ವರ್ಷಗಟ್ಟಲೆ ಬರುವ ಅಚ್ಚು. ಗೆರೆ ಬೇಕಿದ್ದರೆ ಮರದ ತುಂಡಿಗೆ ಹುರಿ ಸುತ್ತಿದರಾಯಿತು. ಬಣ್ಣದಲ್ಲಿ ಅಚ್ಚನ್ನು ಅದ್ದಬಾರದು, ಅದು ನಾನು ಮೊದಲು ಮಾಡಿದ ತಪ್ಪು. ಅಗಲ ತಟ್ಟೆಯಲ್ಲಿ ಸ್ಪಂಜು ಇಟ್ಟು, ಮೇಲೆ ತೆಳು ಬಟ್ಟೆ ಹೊದಿಸಿ, ಅದಕ್ಕೆ ಬಣ್ಣ ಕುಡಿಸಿ, ಅಚ್ಚನ್ನು ಅದರ ಮೇಲೆ ಮೆಲ್ಲಗೆ ತಟ್ಟಿ ತೆಗೆಯಬೇಕು. ಮೇಜಿನ ಮೇಲೆ ಹಳೆ ಕಂಬಳಿ ನಾಲ್ಕು ಮಡಿಕೆ ಹಾಕಬೇಕು. ಗಟ್ಟಿ ಮೇಜಾದರೆ ಅಚ್ಚಿನ ನಡುಭಾಗ ಬೀಳುವುದೇ ಇಲ್ಲ. ಹೊಸ ಬಟ್ಟೆಯ ಗಂಜಿ ಹೋಗುವ ತನಕ ಒಗೆದಿರಬೇಕು. ಅಂಗಡಿಯ ಫ್ಯಾಬ್ರಿಕ್ ಬಣ್ಣವಾದರೆ ಒಂದು ದಿನ ಆರಲು ಬಿಟ್ಟು ಹಿಂದುಗಡೆಯಿಂದ ಬಿಸಿ ಇಸ್ತ್ರಿ. ನಾನು ಇಸ್ತ್ರಿ ಮರೆತ ಒಂದು ಟೇಬಲ್ ಕ್ಲಾತು ಮೊದಲ ಒಗೆತದಲ್ಲೇ ಅರ್ಧ ಬೋಳಾಯಿತು.

ನನ್ನ ಚಪ್ಪಲಿ ಎಲೆಗಳನ್ನು ನೋಡಿ ನಕ್ಕವರು ನಮ್ಮ ಬೀದಿಯ ಕೊನೆಯಲ್ಲಿರುವ ಗುಡಿಗಾರ ಅಜ್ಜ. ಗಂಧದ ಕೆತ್ತನೆಗೆ ಸಾಗರ, ಸೊರಬದ ಗುಡಿಗಾರರ ಹೆಸರು ಹೇಳಬೇಕಾಗಿಲ್ಲ. ಈಗ ಶಿವನಿ ಮರದ ಕೆಲಸವೂ ಮಾಡುತ್ತಾರೆ.

"ಎಲೆಗೆ ತೊಟ್ಟೇ ಇಲ್ವಲ್ಲೇ ಮಾರಾಯ್ತಿ" ಎಂದರು. ಮರುವಾರ ಒಂದು ಶಿವನಿ ತುಂಡಿನಲ್ಲಿ ತೊಟ್ಟು ಸಮೇತ ವೀಳ್ಯದೆಲೆ ಕೆತ್ತಿ ಕೊಟ್ಟರು. ಅಂಗೈಯಗಲ. ಕಾಲು ಇಂಚು ಆಳ. ನಡುವೆ ಎರಡು ಸಣ್ಣ ತೂತು ಕೊರೆದಿದ್ದರು, ಒತ್ತುವಾಗ ಒಳಗೆ ಸಿಕ್ಕ ಗಾಳಿ ಹೊರಗೆ ಹೋಗಲಿ ಎಂದು. ಗುಜರಾತಿನ ಪೇಥಾಪುರದಲ್ಲಿ ಬಟ್ಟೆ ಅಚ್ಚು ಕೆತ್ತುವವರೂ ತೂತು ಬಿಡುತ್ತಾರೆ ಎಂದು ಮಗಳು ಆಮೇಲೆ ಹೇಳಿದಳು. ಅಜ್ಜ ಪೇಥಾಪುರ ಕಂಡವರಲ್ಲ. ಮರವನ್ನು ಹತ್ತು ದಿನ ಎಣ್ಣೆಯಲ್ಲಿ ನೆನೆಸಿಡು, ಇಲ್ಲದಿದ್ದರೆ ನೀರು ಕುಡಿದು ಸೀಳುತ್ತದೆ ಎಂದದ್ದೂ ಅವರೇ. ನೆನೆಸಿಟ್ಟೆ. ಎಣ್ಣೆ ರೇಟು ಗೊತ್ತಲ್ಲ, ಮನೆಯವರು ಒಂದು ಮಾತು ಅಂದರು.

ನಿಜವಾಗಿ ಹುಚ್ಚು ಹಿಡಿದದ್ದು ಚೊಗರಿನಿಂದ, ಅಂದರೆ ಅಡಕೆ ಬೇಯಿಸಿದ ಮೇಲೆ ಉಳಿಯುವ ಒಗರು ನೀರಿನಿಂದ. ಈ ಚೊಗರಿನಲ್ಲಿ ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರ ಸಂಘದವರು ಬಟ್ಟೆಗೆ ಬಣ್ಣ ಕಟ್ಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊಯ್ಲಿನ ಹೊತ್ತಿಗೆ ತಂಗಿಯ ಮನೆಯಿಂದ ಒಂದು ಕ್ಯಾನು ತಂದೆ. ಬಿಳಿ ಮಲ್ ಅದ್ದಿ ತೆಗೆದರೆ ಇಟ್ಟಿಗೆ ಬಣ್ಣ. ಇನ್ನೊಂದು ಕಡೆ ಮಡಕೆಯಲ್ಲಿ ತುಕ್ಕು ಮೊಳೆ, ಒಂದು ಕುದುರೆ ಲಾಳ, ಬೆಲ್ಲ, ನೀರು ಹಾಕಿ ಇಪ್ಪತ್ತು ದಿನ ಮುಚ್ಚಿಟ್ಟಿದ್ದೆ. ರಾಜಸ್ಥಾನದ ಬಗ್ರುವಿನಲ್ಲಿ ಕಪ್ಪು ಬಣ್ಣಕ್ಕೆ ಹೀಗೇ ಮಾಡುತ್ತಾರೆ. ವಾಸನೆ ಬೇಡವೇ ಬೇಡ. ಆ ನೀರಿಗೆ ಹುಣಸೆ ಬೀಜದ ಹಿಟ್ಟಿನ ಗಂಜಿ ಬೆರೆಸಿ ಮಂದ ಮಾಡಿ, ವೀಳ್ಯದೆಲೆ ಅಚ್ಚಿಗೆ ಹಚ್ಚಿ ಒತ್ತಿದೆ. ಮೊದಲು ಏನೂ ಇಲ್ಲ, ಒದ್ದೆ ಗುರುತು ಅಷ್ಟೇ. ನೋಡನೋಡುತ್ತಾ ಬೂದಿ ಬಣ್ಣ. ಚಹಾ ಕುಡಿದು ಬರುವಷ್ಟರಲ್ಲಿ ಎಲೆ ಕಪ್ಪಾಗಿ ಎದ್ದು ಕೂತಿತ್ತು, ತೊಟ್ಟು ಸಮೇತ. ಬಾಳೆಕಾಯಿ ಹೆಚ್ಚುವಾಗ ಮೆಟ್ಟುಗತ್ತಿಯ ಕಬ್ಬಿಣಕ್ಕೆ ಕೈ ಕಪ್ಪಾಗುವುದಿಲ್ಲವೇ? ಅದೇ ಇದು. ಚೊಗರಿನ ಒಗರೂ ಕಬ್ಬಿಣವೂ ಸೇರಿದರೆ ಕಪ್ಪು. ಕಬ್ಬಿಣ ಜಾಸ್ತಿಯಾದರೆ ಬಟ್ಟೆ ತಿನ್ನುತ್ತದೆ ಎಂದು ಆಗ ಗೊತ್ತಿರಲಿಲ್ಲ. ಆ ಸಲದ ಒಂದು ದಿಂಬಿನ ಚೀಲದಲ್ಲಿ ಈಗ ಎಲೆ ಇದ್ದ ಕಡೆಯೆಲ್ಲ ಎಲೆಯಾಕಾರದ ತೂತು.

ಇಷ್ಟೆಲ್ಲ ಮಾಡಿದ್ದರಿಂದ ಕಲಿತದ್ದು ಒಂದಿದೆ, ಆ ರಾತ್ರಿ ಕೆಲಸಕ್ಕೆ ಬಂದದ್ದು ಅದೇ. ತಪ್ಪಿನಲ್ಲಿ ಎರಡು ಜಾತಿ. ನನ್ನ ಚಪ್ಪಲಿ ಅಚ್ಚೊಂದರ ಎಲೆತುದಿ ಮುರಿದಿದೆ. ಆ ಅಚ್ಚಿನಲ್ಲಿ ನೂರು ಸಲ ಒತ್ತಿದರೆ ನೂರು ಎಲೆಗೂ ತುದಿ ಇರುವುದಿಲ್ಲ. ಅದು ಅಚ್ಚಿನ ಊನ, ಎಲೆಯಿಂದ ಎಲೆಗೆ, ನಾಲ್ಕೈದು ಇಂಚಿಗೊಮ್ಮೆ ಬರುತ್ತಲೇ ಇರುತ್ತದೆ. ಕೈಯ ಊನ ಹಾಗಲ್ಲ. ಒಂದು ಎಲೆ ಗಾಢ, ಪಕ್ಕದ್ದು ತಿಳಿ. ಒಂದು ಕಡೆ ಅಚ್ಚು ಜಾರಿ ನೆರಳು ಬಿದ್ದಿದೆ. ಒಂದು ಕಡೆ ಎರಡು ಅಚ್ಚಿನ ನಡುವೆ ಕೂದಲೆಳೆಯಷ್ಟು ಸಂದು, ಇನ್ನೊಂದು ಕಡೆ ಒಂದರ ಮೇಲೊಂದು ಏರಿದೆ. ಫೋನು ಬಂತು, ಹಾಲಿನವನು ಕೂಗಿದ, ಸಾಲು ಸೊಟ್ಟಗಾಯಿತು. ಇಂಥದ್ದು ಎಲ್ಲಾದರೂ ಆಗುತ್ತದೆ, ಆದರೆ ಅಳತೆ ಹಾಕಿ ಅದೇ ಜಾಗಕ್ಕೆ, ಅದೇ ಆಕಾರದಲ್ಲಿ ವಾಪಸು ಬರುವುದಿಲ್ಲ. ನಾನು ಬೇಕೆಂದರೂ ಅದೇ ತಪ್ಪನ್ನು ಏಳು ಸಲ ಮಾಡಲಾರೆ.

ಹಾಗಾಗಿ ಕಲೆ ಇದೆಯೋ ಇಲ್ಲವೋ ನೋಡಬೇಡಿ. ಒಂದು ಕಲೆ ಆರಿಸಿಕೊಂಡು, ಅದರ ಅಣ್ಣತಮ್ಮಂದಿರು ಎಷ್ಟು ಜನ ಎಂದು ಹುಡುಕಿ. ಅಚ್ಚಿನಗಲಕ್ಕಿಂತ ಎಷ್ಟೋ ದೂರದಲ್ಲಿ, ಪ್ರತಿ ಸಲ ಒಂದೇ ಅಳತೆಗೆ, ಒಂದೇ ಆಕಾರದಲ್ಲಿ ಸಿಕ್ಕರೆ ಅದು ಕೈಯಚ್ಚಲ್ಲ. ಅಂಗಡಿಯಲ್ಲೇ ಎರಡು ಮೀಟರ್ ಬಿಚ್ಚಿಸಿ ನೋಡಿದರೆ ಸಾಕು. ಅಳತೆ 64 ಸೆಂಟಿಮೀಟರೇ ಆಗಬೇಕು ಅಂತಿಲ್ಲ. ಚೌಕಟ್ಟಿಗೆ ಜಾಲರಿ ಬಿಗಿದ ಸ್ಕ್ರೀನಿನಲ್ಲಿ ಹಾಕಿದ್ದಾದರೆ ಬೇರೆ ಅಳತೆ, ಡಿಜಿಟಲ್ ಪ್ರಿಂಟಿಗೆ ಮತ್ತೊಂದು. ಬಟ್ಟೆಯ ಅಂಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಚುಕ್ಕಿ ಸಾಲಾಗಿ ಕಂಡರೆ ಅದೂ ಮಿಲ್ಲಿನ ಗುರುತು. ಹಿಂಬದಿ ತಿರುಗಿಸಿ ಬಣ್ಣ ಇಳಿದಿದೆಯೇ ನೋಡಿ ಎಂದು ಕೆಲವರು ಹೇಳುತ್ತಾರೆ. ನಾನೇ ಹಾಕಿದ ಫ್ಯಾಬ್ರಿಕ್ ಬಣ್ಣ ಹಿಂಬದಿಗೆ ಇಳಿಯುವುದಿಲ್ಲ, ಚೊಗರಿನ ಕಪ್ಪು ಪೂರಾ ಇಳಿಯುತ್ತದೆ. ಎರಡೂ ಇದೇ ಕೈಯಿಂದ ಆದದ್ದು. ಅದನ್ನು ನಂಬಬೇಡಿ.

ಯಂತ್ರ ಕೈಯನ್ನು ನಕಲು ಮಾಡುವುದು ಇವತ್ತಿನ ಮಾತಲ್ಲ. ನಮ್ಮ ಅಜ್ಜಿ ಹೂಹೂ ಬಟ್ಟೆಗೆ ಚೀಟಿ ಎನ್ನುತ್ತಿದ್ದರು. ಇಂಗ್ಲಿಷಿನವರ ಚಿಂಟ್ಸ್ ಅದರ ದಾಯಾದಿ. ನಮ್ಮ ದೇಶದ ಚೀಟಿ ಬಟ್ಟೆಗೆ ಒಂದು ಕಾಲದಲ್ಲಿ ಯುರೋಪಿನಲ್ಲಿ ಎಂಥ ಗಿರಾಕಿ ಇತ್ತೆಂದರೆ, ಅಲ್ಲಿನ ನೇಕಾರರ ಗಲಾಟೆಗೆ ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು, 1759ರವರೆಗೂ ಬಿಡಲಿಲ್ಲ. ಇಂಗ್ಲೆಂಡ್ 1700ರಲ್ಲಿ ಒಂದು, 1721ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾನೂನು ತಂದಿತು. ಆಮೇಲೆ ತಾವೇ ಮಾಡಲು ಕಲಿತರು. 1783ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಬೆಲ್ ಎಂಬವನು ಉರುಳೆಯಲ್ಲಿ ಬಟ್ಟೆಗೆ ಚಿತ್ರ ಒತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇದೆಲ್ಲ ಮಗಳ ಪುಸ್ತಕದ್ದು. ನನಗೆ ಮಜಾ ಅನಿಸುವುದೇನೆಂದರೆ, ಆಗಿನ ಯಂತ್ರದವರು ನೋಡಿ ಎಷ್ಟು ಚೊಕ್ಕ ಎಂದು ಮಾರುತ್ತಿದ್ದಿರಬೇಕು. ಈಗಿನವರು ನೋಡಿ ಎಷ್ಟು ಸೊಟ್ಟ ಎಂದು ಮಾರುತ್ತಾರೆ.

ಮಿಲ್ ಬಟ್ಟೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹೊಟ್ಟೆ ಹೊರೆಯುವುದೇ ಅದು. ಮೀಟರಿಗೆ 90 ರೂಪಾಯಿಯ ನೈಟಿ ಬಟ್ಟೆ ತಾನು ಇನ್ನೇನೋ ಎಂದು ಹೇಳಿಕೊಳ್ಳುವುದಿಲ್ಲ. ಸ್ಕ್ರೀನ್ ಹಿಡಿದು ಮೇಜಿನುದ್ದ ಓಡುವ ಹುಡುಗರ ಕೈಯೂ ಕೈಯೇ. ಬೋರ್ಡಿನ ಮೇಲೆ ಒಂದು, ಬಟ್ಟೆಯ ಮೇಲೆ ಇನ್ನೊಂದು ಆಗಬಾರದು ಅಷ್ಟೇ. ರಾಜಸ್ಥಾನದ ಸಾಂಗನೇರಿನಲ್ಲೋ ಆಂಧ್ರದ ಮಚಲೀಪಟ್ಟಣದ ಪಕ್ಕದ ಪೆಡನದಲ್ಲೋ ದಿನವಿಡೀ ನಿಂತು ಅಚ್ಚು ಒತ್ತುವವರಿಗೆ ಸಿಗಬೇಕಾದ ದುಡ್ಡು ಅದು. ಎರಡು ಗಂಟೆ ಒತ್ತಿದರೆ ನನ್ನ ಭುಜ ಎತ್ತಲಾಗುವುದಿಲ್ಲ.

ಮೇಡಂಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕತ್ತರಿಸಿದ ಮೇಲೆ ಹೇಳಿದರೆ ವಾಪಸು ಕೊಡಲಾಗುವುದಿಲ್ಲ, ಅದಕ್ಕೇ ಮೊದಲೇ ಕರೆಸಿದೆ. ಏಳು ಕಲೆಗೂ ಗುಂಡುಪಿನ್ನು ಚುಚ್ಚಿ ಬಟ್ಟೆ ಹರಡಿಟ್ಟಿದ್ದೆ. ಅವರು ಒಂದೊಂದೇ ಪಿನ್ನಿನ ಹತ್ತಿರ ಬಗ್ಗಿ ನೋಡಿದರು. ನಾಲ್ಕನೆಯದರ ಹತ್ತಿರ ನಿಂತುಬಿಟ್ಟರು. "ಹೊಲಿದುಬಿಡಿ ಅಕ್ಕಾ" ಎಂದರು. ಮರುದಿನ ಮಳಿಗೆಯವರಿಗೆ ಫೋನ್ ಮಾಡಿದರಂತೆ. ಆ ಕಡೆಯಿಂದ ಬಂದ ಉತ್ತರ ಏನು ಗೊತ್ತೇ? ಮಿಷನ್ ತಪ್ಪು ಮಾಡಲ್ಲ ಮೇಡಂ, ಇದರಲ್ಲಿ ತಪ್ಪಿದೆಯಲ್ಲ, ಹಾಗಾಗಿ ಇದು ಕೈದೇ. ನಿಮ್ಮ ಪುರವಣಿಯಲ್ಲಿ ಅದೇ ಮಾತು ಓದಿದಾಗ ನನಗೆ ಯಾಕೆ ಅಷ್ಟು ಕಿರಿಕಿರಿಯಾಯಿತು ಎಂದು ಈಗ ತಿಳಿಯಿತಲ್ಲ.

ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ. ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆದರೆ ಆ ಮಾರ್ಕು ಬಟ್ಟೆ ನೇಯ್ದದ್ದು ಕೈಮಗ್ಗದಲ್ಲಿ ಎಂದು ಹೇಳುತ್ತದೆ, ಅದರ ಮೇಲೆ ಹೂ ಬಿಟ್ಟದ್ದು ಹೇಗೆ ಎಂದಲ್ಲ. ಕೈಮಗ್ಗದ ಬಟ್ಟೆಯ ಮೇಲೆ ಸ್ಕ್ರೀನ್ ಹಾಕಬಹುದು, ಮಿಲ್ ಬಟ್ಟೆಯ ಮೇಲೆ ಕೈಯಚ್ಚು ಹಾಕಬಹುದು. ದೊಡ್ಡ ಮುದ್ರೆ ಬರುವ ತನಕ ಕಾಯಬೇಕಾಗಿಲ್ಲ. ಮೇಳ ನಡೆಸುವವರು ಮಳಿಗೆ ಕೊಡುವಾಗಲೇ ಒಂದು ಷರತ್ತು ಹಾಕಲಿ: ಬಟ್ಟೆ ರಾಶಿಯ ಮುಂದೆ ಕೈಯಚ್ಚು, ಸ್ಕ್ರೀನ್, ಮಿಲ್ ಪ್ರಿಂಟ್, ಮೂರರಲ್ಲಿ ಯಾವುದೆಂದು ಕನ್ನಡದಲ್ಲಿ ಬರೆದ ಚೀಟಿ ಇರಬೇಕು, ಬಿಲ್ಲಿನಲ್ಲೂ ಅದೇ ಇರಬೇಕು. ಬಿಲ್ಲಿನಲ್ಲಿ ಬರೆದುಕೊಟ್ಟರೆ ಗಿರಾಕಿಗೆ ನಾಳೆ ಕೇಳಲು ಒಂದು ಆಧಾರ ಇರುತ್ತದೆ. ಬಾಡಿಗೆ ವಸೂಲಿಗೆ ಮಳಿಗೆ ಮಳಿಗೆ ತಿರುಗುವವರು ಅದನ್ನೂ ಒಂದು ಕಣ್ಣು ನೋಡಿ ಬರಬಹುದು. ನೀವೂ ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿದರೆ ಉಪಕಾರ.

ಇನ್ನೊಂದು ಮಾತು. ಆ ಮೇಡಂ ಸಂಕ್ರಾಂತಿ ಕಳೆದ ಮೇಲೆ ಮೂರು ಮೀಟರ್ ಬಿಳಿ ಬಟ್ಟೆ ಒಗೆದು ಹಿಡಿದುಕೊಂಡು ಬಂದರು. ತಾವೇ ಅಚ್ಚು ಹಾಕುತ್ತೇನೆ ಎಂದರು. ವೀಳ್ಯದೆಲೆ ಅಚ್ಚು ಕೊಟ್ಟೆ. ಭಾನುವಾರ ಬೆಳಿಗ್ಗೆ ಶುರು ಮಾಡಿದವರು ಮಧ್ಯಾಹ್ನದ ಊಟ ನಮ್ಮಲ್ಲೇ ಮಾಡಿದರು. ಮೊದಲ ಸಾಲು ಪೂರಾ ಇಳಿಜಾರು, ಮೂರನೆಯ ಸಾಲಿನಲ್ಲಿ ಬಳೆ ತಾಗಿ ಉದ್ದಕ್ಕೆ ಒಂದು ಗೀರು. ಆಮೇಲೆ ಪರವಾಗಿಲ್ಲ, ಕೈ ಕೂತಿತು. ಇಸ್ತ್ರಿ ಮಾಡಿ ಮಡಚಿ ನನ್ನ ಕೈಗೆ ಕೊಡುವಾಗ ಹೇಳಿದ್ದು ಇಷ್ಟು: "ಅಕ್ಕಾ, ಆ ಸೊಟ್ಟ ಸಾಲೂ ಗೀರೂ ಯಾರಿಗೂ ಕಾಣೋದು ಬೇಡ. ಒಳಮಡಿಕೆಗೆ ಹಾಕ್ಬಿಡಿ."

ಹಾಕುತ್ತೇನೆ ಎಂದಿದ್ದೇನೆ. ಮೊದಲ ಸಾಲು ಕೆಳಮಡಿಕೆಯೊಳಗೆ ಹೋಗುತ್ತದೆ. ಗೀರಿಗೆ ಜಾಗ ಹುಡುಕುತ್ತಿದ್ದೇನೆ, ಪ್ರಾಯಶಃ ಕಂಕುಳ ಕೆಳಗೆ.

ಇಂತಿ,
ಸಾಗರದ ಒಬ್ಬ ಹೊಲಿಗೆಯವಳು